ಎಕ್ಸ್‌ಪೈರಿ ಪಕ್ಕದ ಸಾಲು

ಬೇಸಿಗೆ ಕಾಲಿಟ್ಟಿತೆಂದರೆ ಸರ್ಕಾರ ಪ್ರತಿ ವರ್ಷ ಒಂದು ಆದೇಶ ಹೊರಡಿಸುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳು, ಜತೆಗೆ ವಿಜಯಪುರ ಮತ್ತು ಬಾಗಲಕೋಟೆಯ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆದೇಶ ನ್ಯಾಯವಾದದ್ದೇ. ಹೊರಗೆ 42 ಡಿಗ್ರಿ ಸುಡುತ್ತಿರುವಾಗ ಮನುಷ್ಯ ಕೂತು ಕಡತ ನೋಡಲಾರ ಎಂಬುದನ್ನು ಆಡಳಿತ ಒಪ್ಪಿಕೊಂಡಂತಾಯಿತು.

ಅದೇ ಕಚೇರಿಯ ಎದುರಿಗಿರುವ ಮೆಡಿಕಲ್ ಅಂಗಡಿಗೆ ಬನ್ನಿ. ಮೇಲೆ ತಗಡಿನ ಚಾವಣಿ, ಎದುರಿಗೆ ಪಡುವಣ ಬಿಸಿಲು, ತಿರುಗುವ ಫ್ಯಾನೂ ಬಿಸಿಗಾಳಿಯನ್ನೇ ತಳ್ಳುತ್ತದೆ. ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ರಕ್ತದೊತ್ತಡದ, ಥೈರಾಯ್ಡಿನ, ಮೂರ್ಛೆರೋಗದ, ಸಕ್ಕರೆ ಕಾಯಿಲೆಯ ಮಾತ್ರೆಗಳು. ಅವುಗಳಲ್ಲಿ ಬಹುಪಾಲಿನ ಮೇಲೆ '30 ಡಿಗ್ರಿಗಿಂತ ಕಡಿಮೆ ಉಷ್ಣದಲ್ಲಿಡಿ' ಎಂಬ ಸೂಚನೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿದೆ. ಕೆಲವುದರ ಮೇಲೆ 25 ಡಿಗ್ರಿ. ಮೇ ತಿಂಗಳ ಕಲಬುರಗಿಯಲ್ಲಿ, ರಾಯಚೂರಿನಲ್ಲಿ ಬೆಳಗಿನ ಜಾವದ ಕೆಲವು ತಾಸು ಬಿಟ್ಟರೆ ಆ 30 ಡಿಗ್ರಿ ಎಲ್ಲಿಂದ ತರಬೇಕು? ಗುಮಾಸ್ತರಿಗೆ ಸಿಕ್ಕ ರಿಯಾಯಿತಿ ಔಷಧಕ್ಕೆ ಸಿಕ್ಕಿಲ್ಲ.

ಔಷಧವನ್ನು ತಂಪಾಗಿಡುವುದು ರೋಗಿಯ ಮನೆಯವರ ಜಾಗ್ರತೆ ಎಂದು ನಾವು ತಿಳಿದುಕೊಂಡಿದ್ದೇವೆ. ಬೇಸಿಗೆಯ ಆರೋಗ್ಯ ಅಂಕಣಗಳೂ 'ಔಷಧಿಯನ್ನು ತಂಪಾದ ಒಣ ಜಾಗದಲ್ಲಿಡಿ' ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತವೆ. ನನ್ನ ವಾದ ಬೇರೆ. ಔಷಧದ ತಂಪು ಕಾರ್ಖಾನೆ, ಗೋದಾಮು, ಲಾರಿ, ಸ್ಟಾಕಿಸ್ಟ್, ಅಂಗಡಿ, ಆಸ್ಪತ್ರೆ ಇಷ್ಟೂ ಜನ ಹೊರಬೇಕಾದ ಹೊಣೆ. ಅಷ್ಟನ್ನೂ ತಂದು ಎಲ್ಲರಿಗಿಂತ ಕಡಿಮೆ ಅನುಕೂಲವಿರುವ ರೋಗಿಯ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಂಡಿದ್ದೇವೆ. ಇದನ್ನು ಸರಿಪಡಿಸುವುದು ಹೇಗೆಂದು ಅರಿಯದ ದೇಶವೂ ನಮ್ಮದಲ್ಲ. ಲಸಿಕೆಯ ವಿಷಯದಲ್ಲಿ ಅದನ್ನು ಮಾಡಿ ತೋರಿಸಿದ್ದೇವೆ.

ಮೊದಲು ಆ ಸಣ್ಣ ಸಾಲಿನ ಅರ್ಥ ನೋಡೋಣ. ಔಷಧ ಕೊಳ್ಳುವಾಗ ನಾವೆಲ್ಲ ಎಕ್ಸ್‌ಪೈರಿ ದಿನಾಂಕ ನೋಡುತ್ತೇವೆ. ಪಕ್ಕದ ಉಷ್ಣದ ಸಾಲನ್ನು ಓದುವವರು ಕಡಿಮೆ. ಆದರೆ ಆ ದಿನಾಂಕ ನಿಂತಿರುವುದೇ ಆ ಸಾಲಿನ ಮೇಲೆ. ಕಂಪನಿ ತನ್ನ ಮಾತ್ರೆಯನ್ನು ನಿಗದಿತ ಉಷ್ಣ ಮತ್ತು ತೇವಾಂಶವಿರುವ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇಟ್ಟು, ಆಗಾಗ ಹೊರತೆಗೆದು, ಮದ್ದಿನ ಅಂಶ ಎಷ್ಟು ಉಳಿದಿದೆ ಎಂದು ಅಳೆಯುತ್ತದೆ. ಆ ಲೆಕ್ಕದಿಂದ ಬಂದದ್ದು ಎರಡು ವರ್ಷ, ಮೂರು ವರ್ಷ ಎಂಬ ಅವಧಿ. ಅಂದರೆ ಕಂಪನಿ ಕೊಟ್ಟ ಮಾತಿಗೆ ಒಂದು ಷರತ್ತಿದೆ: ನೀವು ಇಷ್ಟು ತಂಪಿನಲ್ಲಿಟ್ಟರೆ ನಾನು ಈ ದಿನದವರೆಗೆ ಹೊಣೆ. ಷರತ್ತು ಮುರಿದ ಮೇಲೆ ದಿನಾಂಕಕ್ಕೆ ಬೆಲೆಯಿಲ್ಲ. ನಮ್ಮಲ್ಲಿ ಆ ಷರತ್ತು ಗ್ರಾಹಕನ ಕೈಗೆ ತಲುಪುವುದೂ ಅನುಮಾನ. ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಅಂಗಡಿಯವನು ಕತ್ತರಿಯಿಂದ ನಾಲ್ಕು ಮಾತ್ರೆಗೆ ಕತ್ತರಿಸಿ ಕಾಗದದ ಕವರಿಗೆ ಹಾಕಿ ಕೊಟ್ಟಾಗ, ಮುದ್ರಿಸಿದ ಸಾಲುಗಳು ಎಷ್ಟೋ ಸಲ ಅಂಗಡಿಯಲ್ಲೇ ಉಳಿದ ತುಂಡಿನ ಮೇಲಿರುತ್ತವೆ.

ಬಿಸಿ ಔಷಧಕ್ಕೆ ಏನು ಮಾಡುತ್ತದೆ? ಬೇಸಿಗೆಯಲ್ಲಿ ದೋಸೆ ಹಿಟ್ಟು ಬೇಗ ಹುಳಿಯಾಗುವುದು ಎಲ್ಲರಿಗೂ ಗೊತ್ತು. ಉಷ್ಣ ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗವೂ ಏರುತ್ತದೆ. ಎಷ್ಟು ಏರುತ್ತದೆ ಎಂಬುದಕ್ಕೆ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಸೂತ್ರ ಕೊಟ್ಟ. ಔಷಧಗಳ ಲೆಕ್ಕದಲ್ಲಿ ರೂಢಿಯಾಗಿ ಬಳಸುವ ಬೆಲೆಗಳನ್ನು ಅದಕ್ಕೆ ಹಾಕಿದರೆ, 30 ಡಿಗ್ರಿಯಲ್ಲಿ ನಡೆಯುವ ಕೊಳೆತ 40 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟು ವೇಗದಲ್ಲಿ ನಡೆಯುತ್ತದೆ. ಇದರಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಔಷಧದ ಮಟ್ಟಿಗೆ ದಿನದ ಸರಾಸರಿ ಉಷ್ಣ ಸುಳ್ಳು ಹೇಳುತ್ತದೆ. ಒಂದು ಕೋಣೆಯಲ್ಲಿ ಅರ್ಧ ದಿನ 28 ಡಿಗ್ರಿ, ಅರ್ಧ ದಿನ 42 ಡಿಗ್ರಿ ಇದೆ ಎನ್ನಿ. ಸರಾಸರಿ 35. ಆದರೆ ಬಿಸಿ ತಾಸುಗಳು ಮಾಡುವ ಹಾನಿ ತಂಪು ತಾಸುಗಳಲ್ಲಿ ತುಂಬಿ ಬರುವುದಿಲ್ಲವಾದ್ದರಿಂದ, ಅಲ್ಲಿನ ಮಾತ್ರೆ ಅನುಭವಿಸುವುದು 37 ಡಿಗ್ರಿಗೂ ತುಸು ಹೆಚ್ಚು. 1971ರಲ್ಲಿ ಜೆ.ಡಿ. ಹೇನ್ಸ್ ಎಂಬಾತ ಈ ಲೆಕ್ಕಕ್ಕೆ ಒಂದು ಶಿಸ್ತು ತಂದ. ಇಂದಿಗೂ ಔಷಧ ಗೋದಾಮುಗಳ ಉಷ್ಣವನ್ನು ಆ ವಿಧಾನದಿಂದಲೇ ಅಳೆಯುತ್ತಾರೆ. 'ರಾತ್ರಿ ತಂಪಾಗ್ತದಲ್ಲ, ಸರಿಹೋಗ್ತದ ಬಿಡ್ರಿ' ಎಂಬ ಸಮಾಧಾನಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಇಷ್ಟು ಹೇಳಿದ ಮೇಲೆ ಗಾಬರಿ ಬೇಡ ಎಂದೂ ಹೇಳಬೇಕು. ಬೇಸಿಗೆಯಲ್ಲಿ ಮಾತ್ರೆ ವಿಷವಾಗಿಬಿಡುತ್ತದೆ ಎಂದು ಹೆದರಿ, ನಿತ್ಯ ನುಂಗಬೇಕಾದ ಗುಳಿಗೆಯನ್ನು ಬಿಟ್ಟವರಿಗೆ ಬಿಸಿಲಿಗಿಂತ ದೊಡ್ಡ ಅಪಾಯ ಕಾದಿರುತ್ತದೆ. ಹಾಳಾದ ಔಷಧ ನಂಜಾಗುವುದು ಅಪರೂಪ. ಕೊಳೆತ ಟೆಟ್ರಾಸೈಕ್ಲಿನ್ ನುಂಗಿ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು 1963ರಲ್ಲಿ ಅಮೆರಿಕದಲ್ಲಿ ವರದಿಯಾದದ್ದು ವೈದ್ಯಕೀಯ ಪುಸ್ತಕಗಳಲ್ಲಿ ಪ್ರಸಿದ್ಧವಾದದ್ದೇ ಅದು ವಿರಳ ಎಂಬ ಕಾರಣಕ್ಕೆ. ಸಾಮಾನ್ಯವಾಗಿ ಔಷಧ ನಂಜಾಗುವುದಿಲ್ಲ, ಸೊರಗುತ್ತದೆ. ಅಲ್ಯೂಮಿನಿಯಂ ಹಾಳೆಯೊಳಗೆ ಭದ್ರವಾಗಿ ಮುಚ್ಚಿದ ಒಣ ಮಾತ್ರೆಗಳು ಬಹುಮಟ್ಟಿಗೆ ಗಟ್ಟಿಗ ಜಾತಿ. ಕೆಲವು ದಿನ 38-40 ಡಿಗ್ರಿ ಕಂಡರೂ ಅವುಗಳಲ್ಲಿ ಹೆಚ್ಚಿನವು ತಡೆದುಕೊಳ್ಳುತ್ತವೆ. 40 ಡಿಗ್ರಿ ಉಷ್ಣ, 75 ಪ್ರತಿಶತ ತೇವಾಂಶದಲ್ಲಿ ಆರು ತಿಂಗಳಿಟ್ಟು ನೋಡುವ ಪರೀಕ್ಷೆಯನ್ನು ಕಂಪನಿಗಳು ಮಾಡಿಯೇ ಇರುತ್ತವೆ.

ಹಾಗಾದರೆ ತಂಟೆ ಎಲ್ಲಿ? ಒಂದು, ಆ ಪರೀಕ್ಷೆ ನಡೆಯುವುದು ಸೀಲು ಒಡೆಯದ ಪೊಟ್ಟಣಕ್ಕೆ. ಕತ್ತರಿಸಿದ, ಬಿಚ್ಚಿ ವಾರದ ಡಬ್ಬಿಗೆ ಸುರಿದ, ಬಚ್ಚಲು ಮನೆಯ ಕಪಾಟಿನಲ್ಲಿಟ್ಟ ಮಾತ್ರೆಗೆ ಅದು ಅನ್ವಯಿಸದು. ಹಳೆಯ ಆಸ್ಪಿರಿನ್ ಬಾಟಲಿಯ ಮುಚ್ಚಳ ತೆರೆದು ಮೂಸಿ ನೋಡಿ. ವಿನೆಗರಿನ ಹುಳಿ ವಾಸನೆ ಬಂದರೆ ತೇವವೂ ಬಿಸಿಯೂ ಸೇರಿ ಮಾತ್ರೆಯನ್ನು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗಿ ಒಡೆಯುತ್ತಿವೆ ಎಂದರ್ಥ. ಎರಡು, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ, ತಗಡಿನ ಕೆಳಗಿನ ಅಟ್ಟದಲ್ಲಿ, ಮುಚ್ಚಿದ ಲಾರಿಯ ಹೊಟ್ಟೆಯಲ್ಲಿ ಉಷ್ಣ 40ಕ್ಕೇ ನಿಲ್ಲುವುದಿಲ್ಲ. ಮೂರನೆಯದೇ ಮುಖ್ಯ. ಗಟ್ಟಿಗರ ಜತೆಗೆ ಅದೇ ಅಂಗಡಿಯಲ್ಲಿ ಕೆಲವು ನಾಜೂಕಿನ ಔಷಧಗಳೂ ಇವೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಮಾತ್ರೆಯಿಂದ ಮದ್ದು ಆವಿಯಾಗಿ ಹೋಗುತ್ತದೆ. ಅದಕ್ಕೇ ಅದನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಿಂದ ಬೇರೆಡೆಗೆ ಹಾಕಬಾರದು ಎನ್ನುವುದು. ಥೈರಾಕ್ಸಿನ್ ಮಾತ್ರೆಯ ಅಳತೆಯೇ ಮೈಕ್ರೋಗ್ರಾಂಗಳಲ್ಲಿ. ಸ್ವಲ್ಪ ಕಡಿಮೆಯಾದರೂ ರಕ್ತಪರೀಕ್ಷೆಯಲ್ಲಿ ಕಾಣಬಹುದು. ಮಕ್ಕಳ ಆಂಟಿಬಯೋಟಿಕ್ ಪುಡಿಗೆ ನೀರು ಬೆರೆಸಿದ ಕ್ಷಣದಿಂದ ಅದರ ಆಯಸ್ಸು ದಿನಗಳಲ್ಲಿ ಎಣಿಸುವಂಥದ್ದು. ಜ್ವರಕ್ಕೆ ಗುದದ್ವಾರದಲ್ಲಿಡುವ ಗುಳಿಗೆ ಕವರಿನಲ್ಲೇ ಕರಗಿ ಆಕಾರ ಕಳೆದುಕೊಳ್ಳುತ್ತದೆ. ಗ್ಲಾಕೋಮಾದ ಕೆಲವು ಕಣ್ಣಿನ ಹನಿ, ಹೆರಿಗೆ ಕೋಣೆಯ ಆಕ್ಸಿಟೋಸಿನ್, ಇನ್ಸುಲಿನ್ ಇವಕ್ಕೆ 2ರಿಂದ 8 ಡಿಗ್ರಿಯೇ ಬೇಕು.

ಇವುಗಳಲ್ಲಿ ಇನ್ಸುಲಿನ್ನಿನ ಕತೆ ನಮ್ಮ ಮನೆಗಳಿಗೆ ಹತ್ತಿರದ್ದು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಕಂಡುಹಿಡಿದ ಇದು ಒಂದು ಪ್ರೋಟೀನು. ಬಿಸಿಗೂ ಒಗ್ಗದು, ಹೆಪ್ಪುಗಟ್ಟುವ ಚಳಿಗೂ ಒಗ್ಗದು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿರಬೇಕು. ತೆರೆದದ್ದನ್ನು ಹೊರಗೆ 30 ಡಿಗ್ರಿಯೊಳಗಿಟ್ಟು, ಬಗೆಗೆ ತಕ್ಕಂತೆ ನಾಲ್ಕರಿಂದ ಆರು ವಾರದಲ್ಲಿ ಮುಗಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಮಿ.ಲೀ. ಬಾಟಲಿಯಲ್ಲಿ, ಮಿ.ಲೀ.ಗೆ 40 ಯೂನಿಟ್‌ನಂತೆ 400 ಯೂನಿಟ್ ಇರುತ್ತದೆ. ದಿನಕ್ಕೆ 20 ಯೂನಿಟ್ ಚುಚ್ಚಿಕೊಳ್ಳುವವರಿಗೆ 20 ದಿನ, 10 ಯೂನಿಟ್ಟಿನವರಿಗೆ 40 ದಿನ. ಕಡಿಮೆ ಪ್ರಮಾಣ ತೆಗೆದುಕೊಳ್ಳುವವರ ಬಾಟಲಿಯೇ ಬಿಸಿಲಿನಲ್ಲಿ ಹೆಚ್ಚು ದಿನ ಕಳೆಯುತ್ತದೆ, ನಾಲ್ಕು ವಾರದ ಗಡಿಯನ್ನೂ ದಾಟುತ್ತದೆ. ದುಡ್ಡು ಕೊಟ್ಟು ತಂದದ್ದರಲ್ಲಿ ಉಳಿದದ್ದನ್ನು ಚೆಲ್ಲಲು ಯಾರಿಗೆ ಮನಸ್ಸು ಬಂದೀತು?

ಹಾಳಾದ ಇನ್ಸುಲಿನ್ ಕೆಲವೊಮ್ಮೆ ಕಣ್ಣಿಗೆ ಕಾಣುತ್ತದೆ. ಬೆಳ್ಳಗಿನ ಮಿಶ್ರ ಇನ್ಸುಲಿನ್ ಬಾಟಲಿಯನ್ನು ಎರಡು ಅಂಗೈ ನಡುವೆ ಮೆಲ್ಲಗೆ ಉರುಳಿಸಿದರೆ ಅದು ಒಂದೇ ಸಮನಾಗಿ ಹಾಲಿನಂತೆ ಕದಡಬೇಕು. ಹಾಗಾಗದೆ ಬಿಳಿ ಚೂರುಗಳು ತೇಲಿದರೆ, ಇಲ್ಲವೇ ಗಾಜಿನ ಒಳಮೈಗೆ ಮಂಜು ಹಿಡಿದಂತೆ ಪದರ ಅಂಟಿದರೆ ಆ ಬಾಟಲಿ ಮುಗಿಯಿತು. ತಿಳಿಯಾದ ಇನ್ಸುಲಿನ್ ಮಸುಕಾದರೂ ಅಷ್ಟೇ. ಕಷ್ಟವೆಂದರೆ ಎಷ್ಟೋ ಸಲ ಇದ್ಯಾವುದೂ ಕಾಣದೆಯೇ ಅದರ ಬಲ ಕುಂದಿರುತ್ತದೆ. ಆಗ ಆಗುವುದಿಷ್ಟೆ: ಸಕ್ಕರೆ ಏರುತ್ತದೆ. ರೋಗಿ ವೈದ್ಯರ ಮುಂದೆ ಕೂರುತ್ತಾನೆ. ಮೇ ತಿಂಗಳು, ಮಾವಿನ ಕಾಲ. 'ಹಣ್ಣು ತಿಂದ್ರಿ ಅನಸ್ತದ, ಬಾಯಿ ಕಟ್ಟಬೇಕ್ರಿ' ಎಂಬ ಬುದ್ಧಿಮಾತು ಬರುತ್ತದೆ, ಪ್ರಮಾಣ ಏರುತ್ತದೆ. ಮುಂದೆ ಫ್ರಿಜ್ಜಿನಲ್ಲಿಟ್ಟ ಹೊಸ ಬಾಟಲಿ ಬಂದು, ಅದೇ ಏರಿಸಿದ ಪ್ರಮಾಣವನ್ನು ಚುಚ್ಚಿಕೊಂಡರೆ ಸಕ್ಕರೆ ದಿಢೀರನೆ ಕುಸಿದು ಕಣ್ಣು ಕತ್ತಲಿಡಬಹುದು. ಔಷಧದ ತಪ್ಪು ರೋಗಿಯ ನಾಲಿಗೆಯ ಚಪಲವಾಗಿ ದಾಖಲಾಗುತ್ತದೆ. 'ಇಷ್ಟು ವರ್ಷ ಹೀಗೇ ಇಟ್ಟಿದ್ದೇವೆ, ಏನಾಗಿದೆ?' ಎಂದು ಕೇಳುವವರಿಗೆ ಇದೇ ಉತ್ತರ. ಏನೂ ಆಗಿಲ್ಲವೆಂದಲ್ಲ, ಆದದ್ದು ಬೇರೆ ಹೆಸರಿನಲ್ಲಿ ಬರೆಯಲ್ಪಟ್ಟಿದೆ.

ಇನ್ನು ಫ್ರಿಜ್ಜಿಲ್ಲದ ಮನೆ. ಅಂಥವರಿಗೆ ಇನ್ಸುಲಿನ್ ಬರೆಯುವುದೇ ಬೇಡ ಎಂದು ಬಹುಕಾಲ ಹಲವು ಕಡೆ ವೈದ್ಯರು ಹಿಂಜರಿಯುತ್ತಿದ್ದರು. ಬರೆದರೂ, ಚುಚ್ಚಿಸಿಕೊಳ್ಳಲು ರೋಗಿಗಳು ದಿನಕ್ಕೆ ಎರಡು ಸಲ ಆಸ್ಪತ್ರೆಗೆ ನಡೆದು ಬರಬೇಕಾಗುತ್ತಿತ್ತು. ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ಕೆಲಸ ಮಾಡುವ 'ಗಡಿರಹಿತ ವೈದ್ಯರು' ಸಂಸ್ಥೆ ಈ ಕಟ್ಟುಪಾಡನ್ನು ಪ್ರಶ್ನಿಸಿತು. ಅಲ್ಲಿನ ಗುಡಿಸಲುಗಳಲ್ಲಿ ಉಷ್ಣ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವುದನ್ನು ದಾಖಲಿಸಿ, ಜಿನೀವಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅದೇ ಏರಿಳಿತದಲ್ಲಿ ನಾಲ್ಕು ವಾರ ಇನ್ಸುಲಿನ್ ಇಟ್ಟು ನೋಡಿದರು. ಅದರ ಬಲ ಉಳಿದಿತ್ತು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. 2023ರಲ್ಲಿ ಕೊಕ್ರೇನ್ ಸಂಸ್ಥೆ ಲಭ್ಯ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿ, ಕೆಲವು ಬಗೆಯ ಮಾನವ ಇನ್ಸುಲಿನ್ನಿನ ತೆರೆಯದ ಬಾಟಲಿಗಳು 25 ಡಿಗ್ರಿಯವರೆಗೆ ಆರು ತಿಂಗಳು, 37 ಡಿಗ್ರಿಯವರೆಗೆ ಎರಡು ತಿಂಗಳು ತಡೆದುಕೊಳ್ಳುತ್ತವೆ ಎಂದು ಹೇಳಿತು.

ಇದು ದೊಡ್ಡ ನೆಮ್ಮದಿಯ ಮಾತು, ಆದರೆ ಎಚ್ಚರದಿಂದ ಓದಬೇಕಾದ ಮಾತು. 37 ಡಿಗ್ರಿ ಎಂದರೆ 43 ಡಿಗ್ರಿಯಲ್ಲ. ಎಲ್ಲ ಬಗೆಯ ಇನ್ಸುಲಿನ್ನಿಗೂ ಈ ಮಾತು ಸಲ್ಲದು. ಕಲಬುರಗಿಯ ಬೇಸಿಗೆಯನ್ನು 37ರ ಒಳಕ್ಕೆ ಇಳಿಸಿಕೊಳ್ಳುವ ಉಪಾಯ ಮಾತ್ರ ನಮ್ಮ ಅಡುಗೆಮನೆಯಲ್ಲೇ ಇದೆ: ಮಣ್ಣಿನ ಗಡಿಗೆ. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಮಣ್ಣಿನ ಪಾತ್ರೆಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ಗಡಿಗೆಯ ಮೈಯಿಂದ ನೀರು ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ. ಒಳಗೆ ಹೊರಗಿಗಿಂತ ತಂಪು. ಗಾಳಿ ಒಣಗಿದಷ್ಟೂ ಈ ತಂಪು ಹೆಚ್ಚು. ಹೀಗಾಗಿ ಒಣ ಬಿಸಿಲಿನ ರಾಯಚೂರಿನಲ್ಲಿ ಗಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಬೆವರು ಆರದ ಮಂಗಳೂರಿನಲ್ಲಿ ಅಷ್ಟು ಮಾಡದು. ಬಾಟಲಿಯನ್ನು ನೀರಿಗೆ ಹಾಕಬಾರದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಗಡಿಗೆಯೊಳಗೆ ಒಣ ಜಾಗದಲ್ಲಿ ಕೂರಿಸಿ, ಗಡಿಗೆಯ ಹೊರಮೈಗೆ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಡಬೇಕು. ಇಷ್ಟು ಮಾತನ್ನು ಬಾಟಲಿ ಕೊಡುವ ಕೌಂಟರಿನಲ್ಲೇ ಹೇಳಿಕೊಡಬಹುದಲ್ಲವೇ?

ಹೇಳಿಕೊಡಬಹುದು ಎಂಬುದಕ್ಕೆ ಪುರಾವೆ ಲಸಿಕೆ. ಪಲ್ಸ್ ಪೋಲಿಯೊ ಹನಿ ಹಾಕುವ ದಿನ ಬೂತಿನಲ್ಲಿ ನಿಂತು ಆ ಪುಟ್ಟ ಬಾಟಲಿಯನ್ನು ಹತ್ತಿರದಿಂದ ನೋಡಿ. ಲೇಬಲ್ಲಿನ ಮೇಲೊಂದು ಬಣ್ಣದ ವೃತ್ತ, ಅದರ ನಡುವೆ ತಿಳಿ ಬಣ್ಣದ ಚೌಕ. ಬಾಟಲಿ ಬಿಸಿ ಉಂಡಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ; ಮತ್ತೆ ತಂಪಿನಲ್ಲಿಟ್ಟರೆ ಹಿಂದಕ್ಕೆ ಬಾರದು. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ವೃತ್ತದ ಬಣ್ಣಕ್ಕೆ ಸರಿಸಮನಾದರೆ ಎಸೆಯಬೇಕು. ಅಕ್ಷರ ಬಾರದವರೂ ಓದಬಲ್ಲ ಲೇಬಲ್ಲು ಇದು. 1996ರಲ್ಲಿ ಪೋಲಿಯೊ ಲಸಿಕೆಯ ಮೇಲೆ ಇದು ಬಂದಾಗಿನಿಂದ ಬಾಟಲಿ ಎಲ್ಲಿ, ಯಾರ ಕೈಯಲ್ಲಿ ಬಿಸಿಯಾಯಿತು ಎಂಬ ವಾದಕ್ಕೆ ಅವಕಾಶವೇ ಉಳಿಯಲಿಲ್ಲ. ಒಟ್ಟು ಎಷ್ಟು ಬಿಸಿ ಉಂಡಿದೆ ಎಂಬುದನ್ನು ಬಾಟಲಿಯೇ ಹೇಳಿತು. ಇದರ ಹಿಂದೆ ಒಂದು ಸರಪಳಿಯಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೇಲಿನಿಂದ ಬಾಗಿಲು ತೆರೆಯುವ, ಕರೆಂಟು ಹೋದರೂ ತಾಸುಗಟ್ಟಲೆ ತಂಪು ಹಿಡಿಯುವ ಲಸಿಕೆಯ ಫ್ರಿಜ್ಜು. ದಿನಕ್ಕೆರಡು ಸಲ ಉಷ್ಣ ಬರೆಯುವ ಪುಸ್ತಕ. ಹಳ್ಳಿಗೆ ಒಯ್ಯಲು ನಾಲ್ಕು ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆ. ಆ ಐಸ್ ಪ್ಯಾಕನ್ನೂ ಫ್ರೀಜರಿನಿಂದ ತೆಗೆದ ಕೂಡಲೇ ಪೆಟ್ಟಿಗೆಗಿಡುವುದಿಲ್ಲ. ನರ್ಸಮ್ಮ ಅದನ್ನು ಹೊರಗಿಟ್ಟು ಕಾಯುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳಬೇಕು. ಆಗಲೇ ಲಸಿಕೆ ಹೆಪ್ಪುಗಟ್ಟುವ ಭಯವಿಲ್ಲ. ಭಾರತದ ಕೊನೆಯ ಪೋಲಿಯೊ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ. ಆ ಯಶಸ್ಸಿನಲ್ಲಿ ಇಂಥ ಸಾವಿರಾರು ಕಿವಿಗಳ ಪಾಲೂ ಇದೆ.

ಲಸಿಕೆಗೆ ಸಿಕ್ಕ ಈ ಮರ್ಯಾದೆ ಇನ್ಸುಲಿನ್ನಿಗೆ ಏಕೆ ಸಿಗಲಿಲ್ಲ? ಲಸಿಕೆ ಮಗುವಿನ ಮೈಗೆ ಇಳಿಯುವ ಕ್ಷಣದವರೆಗೂ ಸರ್ಕಾರದ ಸ್ವತ್ತು. ಹಾಳಾದರೆ ಯಾರಾದರೂ ಜವಾಬು ಹೇಳಬೇಕು. ಇನ್ಸುಲಿನ್ ಬಿಲ್ಲು ಹರಿದ ಕ್ಷಣ ರೋಗಿಯ ಸ್ವತ್ತು. ಆಮೇಲೆ ಹಾಳಾದದ್ದಕ್ಕೂ, ಅದಕ್ಕೆ ಮೊದಲೇ ಹಾಳಾಗಿದ್ದುದಕ್ಕೂ ಅವನೇ ಹೊಣೆ. ಅವನ ಕೈ ಸೇರುವ ಮೊದಲೇ ಕೆಟ್ಟಿತ್ತೆಂದು ಸಾಧಿಸಲು ಅವನ ಬಳಿ ಯಾವ ಚೌಕವೂ ಇಲ್ಲ. ಗುಣಮಟ್ಟದ ಪರೀಕ್ಷೆಯಲ್ಲಿ ಔಷಧದ ಮಾದರಿ ಅನುತ್ತೀರ್ಣವಾದಾಗಲೂ ಇದೇ ಗೋಜಲು. ಕಾರ್ಖಾನೆಯಲ್ಲಿ ಕೆಟ್ಟಿತೋ, ಲಾರಿಯಲ್ಲಿ ಬೆಂದಿತೋ ಎಂದು ಬಿಡಿಸಿ ಹೇಳಲು ದಾರಿಯುದ್ದಕ್ಕೂ ಉಷ್ಣದ ದಾಖಲೆ ಇರಬೇಕು. ಅದಿಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದಷ್ಟೇ ಉಳಿಯುತ್ತದೆ.

ಎಲ್ಲವನ್ನೂ ತಂಪು ಮಾಡುವುದೊಂದೇ ಪರಿಹಾರವಲ್ಲ. ಊರಿನ ಬಿಸಿಗೆ ಒಗ್ಗುವ ಔಷಧವನ್ನು ಆರಿಸುವುದೂ ಪರಿಹಾರವೇ. ಇದಕ್ಕೆ ಉದಾಹರಣೆ ನಮ್ಮ ಬೆಳಗಾವಿಯಲ್ಲೇ ಇದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಒಳ್ಳೆಯದು, ಆದರೆ ಅದಕ್ಕೆ ಫ್ರಿಜ್ಜು ಬೇಕು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ನಡೆದ, 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ರಿಜ್ಜು ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಯ ಶುಶ್ರೂಷಕಿಯರೇ ಕೊಟ್ಟರು. ಮದ್ದಿಲ್ಲದ ಹುಸಿಮಾತ್ರೆ ಪಡೆದವರಲ್ಲಿ 12 ಪ್ರತಿಶತ ತಾಯಂದಿರಿಗೆ ಅತಿರಕ್ತಸ್ರಾವವಾದರೆ, ಈ ಮಾತ್ರೆ ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. ಮುಂದೆ 2018ರಲ್ಲಿ, ಭಾರತವೂ ಸೇರಿ 10 ದೇಶಗಳ ಸುಮಾರು 30,000 ತಾಯಂದಿರನ್ನು ಒಳಗೊಂಡ ಅಧ್ಯಯನ ಬಂತು. 30 ಡಿಗ್ರಿಯಲ್ಲಿ ಕನಿಷ್ಠ ಮೂರು ವರ್ಷ ಕೆಡದೆ ಉಳಿಯುವ ಕಾರ್ಬೆಟೋಸಿನ್ ಎಂಬ ಚುಚ್ಚುಮದ್ದು ಆಕ್ಸಿಟೋಸಿನ್ನಿಗಿಂತ ಕಡಿಮೆಯಿಲ್ಲ ಎಂದು ಅದು ತೋರಿಸಿತು. ಔಷಧ ಖರೀದಿಯ ಟೆಂಡರಿನಲ್ಲಿ ದರದ ಜತೆಗೆ ಬಿಸಿ ತಡೆಯುವ ಗುಣಕ್ಕೂ ಅಂಕ ಕೊಡಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಇದಕ್ಕೆಲ್ಲ ದುಡ್ಡೆಲ್ಲಿ, ಹಳ್ಳಿಯ ಸಣ್ಣ ಮೆಡಿಕಲ್ ಅಂಗಡಿಯವನು ಎಸಿ ಹಾಕಿಸಿ ಬದುಕಿಯಾನೇ ಎಂಬ ಆಕ್ಷೇಪ ಬರುತ್ತದೆ. ಸರಿಯಾದ ಆಕ್ಷೇಪವೇ. ಆದರೆ ಎಸಿ ಕೊನೆಯ ಮಾತು, ಮೊದಲ ಮಾತಲ್ಲ. ಮೊದಲ ಮಾತು ಅಳತೆ. ದಿನದ ಗರಿಷ್ಠ, ಕನಿಷ್ಠ ಉಷ್ಣ ತೋರಿಸುವ ಒಂದು ಥರ್ಮಾಮೀಟರ್ ಕಪಾಟಿನ ಪಕ್ಕ, ಇನ್ನೊಂದು ಫ್ರಿಜ್ಜಿನೊಳಗೆ. ದಿನಕ್ಕೆರಡು ಸಲ ಬರೆದಿಡುವ ಒಂದು ನೋಟ್‌ಬುಕ್ಕು. ಔಷಧವನ್ನು ಸರಿಯಾಗಿ ದಾಸ್ತಾನು ಮಾಡುವ ವ್ಯವಸ್ಥೆಯಿದ್ದರೆ ಮಾತ್ರ ಅಂಗಡಿಗೆ ಲೈಸೆನ್ಸು ಎಂದು 1945ರ ಔಷಧ ನಿಯಮಗಳು ಹೇಳಿಯೇ ಇವೆ. ಆ ಮಾತಿಗೆ ಏಪ್ರಿಲ್-ಮೇನಲ್ಲಿ ಜೀವ ಬರಬೇಕು. ಔಷಧ ನಿರೀಕ್ಷಕರು ಬಿಲ್‌ಬುಕ್ಕಿನ ಜತೆ ಈ ನೋಟ್‌ಬುಕ್ಕನ್ನೂ ಕೇಳಲಿ. ರಾತ್ರಿ ಶಟರ್ ಎಳೆಯುವಾಗ ಮೇನ್ ಸ್ವಿಚ್ ಆರಿಸಿ ಹೋಗುವ ಅಭ್ಯಾಸವಿದ್ದಲ್ಲಿ ಫ್ರಿಜ್ಜಿಗೆ ಬೇರೆ ತಂತಿ ಎಳೆಸುವುದು ಒಂದು ದಿನದ ಕೆಲಸ. ಪಡುವಣ ಗೋಡೆಯ ಕಪಾಟನ್ನು ಮೂಡಣಕ್ಕೆ ಸರಿಸುವುದಕ್ಕೆ, ತಗಡಿನ ಮೇಲೆ ಬಿಳಿ ಸುಣ್ಣ ಬಳಿಯುವುದಕ್ಕೆ, ಬೇಸಿಗೆಯಲ್ಲಿ ದಾಸ್ತಾನು ಕಡಿಮೆ ಇಟ್ಟು ಆಗಾಗ ತರಿಸುವುದಕ್ಕೆ ದೊಡ್ಡ ಬಂಡವಾಳ ಬೇಡ. ನಿಜವಾದ ಖರ್ಚನ್ನು ಹೊರಬೇಕಾದವರು ದೊಡ್ಡವರು. ಕಂಪನಿಗಳೂ ಸ್ಟಾಕಿಸ್ಟರೂ ಈ ಎರಡು ತಿಂಗಳು ಉತ್ತರದ ಜಿಲ್ಲೆಗಳಿಗೆ ಸರಕನ್ನು ರಾತ್ರಿ ಸಾಗಿಸಲಿ, ತಂಪಿನ ಪೆಟ್ಟಿಗೆಗಳ ಜತೆ ಉಷ್ಣ ದಾಖಲಿಸುವ ಯಂತ್ರವನ್ನು ಕಡ್ಡಾಯವಾಗಿ ಕಳಿಸಲಿ. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಸರ್ಕಾರಿ ಆಸ್ಪತ್ರೆಗಳಿಗೆ ಇನ್ಸುಲಿನ್ ಕೊಳ್ಳುವಾಗ ಲಸಿಕೆಯಂತೆ ಬಣ್ಣ ಬದಲಿಸುವ ಗುರುತಿರುವ ಬಾಟಲಿಯನ್ನೇ ಕೇಳಲಿ. ದೊಡ್ಡ ಗಿರಾಕಿ ಕೇಳಿದ್ದನ್ನು ಮಾರುಕಟ್ಟೆ ಕೊಡುತ್ತದೆ. ಬಿಸಿಗಾಳಿಯ ಮುನ್ನೆಚ್ಚರಿಕೆಯಲ್ಲಿ ನೀರು, ಮಜ್ಜಿಗೆ, ಒಆರ್‌ಎಸ್ ಎನ್ನುವಾಗ ಔಷಧದ ಡಬ್ಬಿಯ ಮಾತೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರಲಿ.

ವೈದ್ಯರಿಗೆ ಒಂದು ವಿನಂತಿ. ಏಪ್ರಿಲ್‌ನಿಂದ ಜೂನ್‌ವರೆಗೆ ಇನ್ಸುಲಿನ್ನಿನ, ಥೈರಾಕ್ಸಿನ್ನಿನ ಪ್ರಮಾಣ ಏರಿಸುವ ಮುಂಚೆ 'ಔಷಧ ಎಲ್ಲಿ ಇಟ್ಟೀರಿ?' ಎಂದು ಒಂದು ಮಾತು ಕೇಳಿ. ಉತ್ತರ 'ಟಿವಿ ಮ್ಯಾಲ' ಎಂದೋ 'ಒಲಿ ಹತ್ತರದ ಮಾಡದಾಗ' ಎಂದೋ ಬಂದರೆ, ಪ್ರಮಾಣ ಏರಿಸುವ ಬದಲು ಹೊಸ ಬಾಟಲಿ ಬರೆದು ನೋಡುವುದು ಲೇಸು.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಮಾತ್ರೆಗಳನ್ನು ಅವುಗಳ ಹಾಳೆಯಲ್ಲೇ ಇಟ್ಟು, ಮನೆಯ ಅತಿ ತಂಪು ಕೋಣೆಯ ಕೆಳಗಿನ ಗೂಡಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗವಿರುವ ಡಬ್ಬಿಯಲ್ಲಿಡಿ. ಒಲೆಯ ಪಕ್ಕ, ಕಿಟಕಿ, ಫ್ರಿಜ್ಜಿನ ತಲೆ ಬೇಡ. ಫ್ರಿಜ್ಜಿನ ಮೇಲ್ಭಾಗ ಎಷ್ಟೋ ಮನೆಗಳಲ್ಲಿ ಕೋಣೆಗಿಂತ ಬಿಸಿಯಿರುತ್ತದೆ. ಹೇಳದ ಹೊರತು ಎಲ್ಲ ಮಾತ್ರೆಗಳನ್ನೂ ಫ್ರಿಜ್ಜಿಗೆ ತುರುಕಬೇಡಿ, ತೇವವೂ ವೈರಿಯೇ. ಇನ್ಸುಲಿನ್ನನ್ನು ಫ್ರಿಜ್ಜಿನ ನಡುವಿನ ಅಂಕಣದಲ್ಲಿಡಿ, ಫ್ರೀಜರಿಗೆ ತಾಗಿಸಬೇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಸಬೇಡಿ. ಬಾಟಲಿ ತೆರೆದ ದಿನಾಂಕವನ್ನು ಪೆನ್ನಿನಿಂದ ಅದರ ಮೇಲೆ ಬರೆಯಿರಿ. ಪ್ರಯಾಣದಲ್ಲಿ ಔಷಧ ಕೈಚೀಲದಲ್ಲಿರಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಬಸ್ಸಿನ ಡಿಕ್ಕಿಯಲ್ಲಿ ಬೇಡ. ಬಿಸಿ ತಗುಲಿದೆ ಎಂಬ ಅನುಮಾನ ಬಂದರೆ ನಿಮ್ಮಷ್ಟಕ್ಕೆ ನಿಲ್ಲಿಸದೆ, ಔಷಧವನ್ನೇ ಕೈಯಲ್ಲಿ ಹಿಡಿದು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ.

ಆದರೆ ಮನೆಯವರು ಇಷ್ಟೂ ಮಾಡಿದರೂ, ಅಂಗಡಿಗೆ ಬರುವ ಮೊದಲೇ ಲಾರಿಯಲ್ಲಿ ಬೆಂದ ಬಾಟಲಿಯನ್ನು ಯಾವ ಗಡಿಗೆಯೂ ಉಳಿಸಲಾರದು. ಆದ್ದರಿಂದ ಓದುಗರಲ್ಲಿ ಕೋರುವುದು ಒಂದೇ: ಈ ಬೇಸಿಗೆಯಲ್ಲಿ ಔಷಧ ಕೊಳ್ಳುವಾಗ ಎಕ್ಸ್‌ಪೈರಿ ಜತೆಗೆ ಪಕ್ಕದ ಸಾಲನ್ನೂ ಓದಿ, ಓದಿದ ಮೇಲೆ 'ನಿಮ್ಮ ಅಂಗಡಿಯಾಗ ಈಗ ಎಷ್ಟು ಡಿಗ್ರಿ ಐತ್ರಿ?' ಎಂದು ಕೇಳಿ. ಅಂಗಡಿಯವನಿಗೆ ಉತ್ತರ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಾಳೆ ಮತ್ತೆ ಕೇಳಿ. ಹತ್ತು ಜನ ಕೇಳಿದ ಅಂಗಡಿಯಲ್ಲಿ ಥರ್ಮಾಮೀಟರ್ ಬರುತ್ತದೆ. ಹತ್ತು ಅಂಗಡಿಗಳು ಕೇಳಿದ ಸ್ಟಾಕಿಸ್ಟನ ಲಾರಿ ರಾತ್ರಿ ಹೊರಡುತ್ತದೆ.